ನಾನು ಹಂಚಿದ ನೂರು ಪದಗಳು

ಕಳೆದ ತಿಂಗಳು ನನಗೊಂದು ಫೋನ್ ಬಂತು. ಹೊಸದಾಗಿ ಕನ್ನಡ ಅಧ್ಯಾಪಕಿಯಾಗಿ ಕೆಲಸಕ್ಕೆ ಸೇರಿದ ಹುಡುಗಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ನಂಬರ್ ಪಡೆದಿದ್ದಳಂತೆ.

“ಮೇಡಂ, ಪ್ರಬಂಧ ಬರಿಯಾಕ ನೀವು ನೂರು ಶಬ್ದದ ಒಂದು ಪಟ್ಟಿ ಕೊಡತಿದ್ರಂತಲ್ರಿ. ಈಗೂ ನಿಮ್ಮ ಹಂತ್ಯಾಕ ಇದ್ರ ವಾಟ್ಸ್ಯಾಪಿಗೆ ಹಾಕ್ರಿ. ನಮ್ಮ ಕ್ಲಾಸಿನ ಹುಡುಗರಿಗೆ ಶಬ್ದನ ಇಲ್ರಿ. ಖಾಲಿ ಅದಾರ,” ಎಂದಳು.

ಪಟ್ಟಿ ಈಗಲೂ ನನ್ನ ಕಪಾಟಿನಲ್ಲಿದೆ. ಆದರೆ ಕಳಿಸಲಿಲ್ಲ. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಯಾಕೆ ಕಳಿಸಲಿಲ್ಲ ಎಂಬುದನ್ನು ಎರಡು ಮಾತಿನಲ್ಲಿ ಹೇಳಲು ಬರುವುದಿಲ್ಲ. ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಮುದ್ದೇಬಿಹಾಳ, ಅಲ್ಲಿಂದ ಬಸವನ ಬಾಗೇವಾಡಿಯವರೆಗಿನ ನನ್ನ ನೌಕರಿಯನ್ನೆಲ್ಲ ಹೇಳಬೇಕಾಗುತ್ತದೆ. ಆ ಹುಡುಗಿಯಂಥವರು ಈಗ ಇನ್ನೂ ಅನೇಕರು ಕೆಲಸಕ್ಕೆ ಬರುತ್ತಿದ್ದಾರೆ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನಗಳ ಸುದ್ದಿ ಇದರಲ್ಲಿಲ್ಲ. ಹೆಚ್ಚಾಗಿ ನನ್ನ ತಪ್ಪುಗಳಿವೆ.

ನಾನು ಚಡಚಣದವಳು. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಗಿರಾಕಿಗಳಲ್ಲಿ ಅರ್ಧ ಜನ ಮರಾಠಿ, ಅರ್ಧ ಜನ ಕನ್ನಡ. ಅಂಗಡಿಯಲ್ಲಿ ಎರಡೂ ಮಾತು ಒಂದೇ ಉಸಿರಿನಲ್ಲಿ ನಡೆಯುತ್ತಿದ್ದವು. ನಾನು ಆಡುವ ಯಾವ ಪದ ಯಾವ ಭಾಷೆಯದು ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಯಾರೂ ಹೇಳಿರಲಿಲ್ಲ. ಎಂ.ಎ. ಓದಲು ಧಾರವಾಡಕ್ಕೆ ಹೋದೆ. ಮೊದಲ ಸೆಮಿನಾರಿನಲ್ಲಿ ಎದ್ದು ನಿಂತು, “ಈ ಕಾವ್ಯದ ಮುಖ್ಯ ಮುದ್ದಾ ಏನೆಂದರೆ” ಎಂದು ಓದಿದೆ. ನಮ್ಮ ಕಡೆ ಮುದ್ದಾ ಎಂದರೆ ಚರ್ಚೆಯ ಅಂಶ. ತುಮಕೂರು ಕಡೆಯ ಹುಡುಗಿಯೊಬ್ಬಳಿಗೆ ಅದು ಮುದ್ದೆ ಎಂದು ಕೇಳಿಸಿತು. ಅವಳು ಕಿಸಕ್ಕೆಂದಳು, ಅವಳ ಹಿಂದೆ ಇಡೀ ತರಗತಿ ನಕ್ಕಿತು. ಗುರುಗಳು ನಗಲಿಲ್ಲ. “ಪ್ರಬಂಧದ ಭಾಷೆ ಬೇರೆ ಇರುತ್ತದಮ್ಮಾ, ಕಲಿಯಬೇಕು” ಎಂದರು, ಅಷ್ಟೆ. ನನಗೆ ಆ ನಗೆಗಿಂತ ಈ ಮಾತೇ ಹೆಚ್ಚು ಚುಚ್ಚಿತು.

ಅಂದೇ ಒಂದು ನೋಟ್‌ಬುಕ್ ತೆಗೆದುಕೊಂಡೆ. ವಿಮರ್ಶೆಯ ಪುಸ್ತಕ ಓದುವಾಗ, ಪತ್ರಿಕೆಯ ಸಂಪಾದಕೀಯ ಓದುವಾಗ ಸಿಕ್ಕ ದೊಡ್ಡ ಪದಗಳನ್ನೆಲ್ಲ ಬರೆದಿಟ್ಟೆ. ಪರಿಕಲ್ಪನೆ, ಆಯಾಮ, ಪರಿಪ್ರೇಕ್ಷ್ಯ, ಅನನ್ಯ, ಪ್ರಕ್ರಿಯೆ, ಅಂತಸ್ಸಂಬಂಧ. ಊಟಕ್ಕೆ ಕೂತಾಗಲೂ ಒಂದೊಂದನ್ನು ಬಾಯಲ್ಲಿ ಹೊರಳಾಡಿಸುತ್ತಿದ್ದೆ. ಎರಡು ವರ್ಷ ಮುಗಿಯುವಷ್ಟರಲ್ಲಿ ನಾನು ಎದ್ದು ನಿಂತರೆ ಯಾರೂ ನಗುತ್ತಿರಲಿಲ್ಲ. ಈ ಪದಗಳೇ ನನ್ನನ್ನು ಕಾಪಾಡಿದವು ಎಂದು ನಂಬಿದೆ. ನನ್ನ ಹಾಗೆ ನಗೆಗೀಡಾಗುವ ಮಕ್ಕಳನ್ನೂ ಅವೇ ಕಾಪಾಡುತ್ತವೆ ಎಂದು ನಂಬಿ ನೌಕರಿಗೆ ಬಂದೆ.

ಮೊದಲು ಕೆಲಸ ಸಿಕ್ಕಿದ್ದು ಇಂಡಿಯ ಕಾಲೇಜಿನಲ್ಲಿ. ಆಗ ನಾನು ತರಗತಿಯಲ್ಲಿ ಪುಸ್ತಕದ ಕನ್ನಡವನ್ನಷ್ಟೇ ಆಡುತ್ತಿದ್ದೆ. ಚಡಚಣ ಅಲ್ಲಿಂದ ಒಂದು ತಾಸಿನ ಹಾದಿ, ಆದರೂ ನಾನು ಎಲ್ಲಿಯವಳೆಂದು ಹುಡುಗರಿಗೆ ಬಹಳ ದಿನ ಗೊತ್ತಾಗಲಿಲ್ಲ.

ಮೊದಲ ಸಲ ಪ್ರಬಂಧ ಬರೆಸಿದಾಗ ‘ನನಗೆ ಗೊತ್ತಿರುವ ಒಂದು ಕೆಲಸ’ ಎಂಬ ವಿಷಯ ಕೊಟ್ಟಿದ್ದೆ. ಶಿವಾನಂದ ಎಂಬ ಹುಡುಗ ಲಿಂಬೆ ತೋಟದ ಬಗ್ಗೆ ಬರೆದಿದ್ದ. ಮನೆಯಲ್ಲಿ ಲಿಂಬೆ ಗಿಡಗಳಿದ್ದವು. ಅವನ ನಾಲ್ಕು ಸಾಲು ಇಂದಿಗೂ ನನಗೆ ಬಾಯಿಪಾಠ ಇವೆ: “ಗಿಡಕ್ಕ ನೀರ ನಿಲ್ಲಸಬೇಕು. ಎಲಿ ಮುದುಡತಾವ. ನೋಡಿದ್ರ ಜೀವಾ ತಡಿಯೂದಿಲ್ಲ. ಆದ್ರೂ ತಡಕೋಬೇಕು, ಅಂದ್ರನ ಹೂವ ಹಿಡಿತಾವ.”

ನಾನು ಆ ನಾಲ್ಕೂ ಸಾಲಿಗೆ ಕೆಂಪು ಗೆರೆ ಎಳೆದೆ. ಆಡುಭಾಷೆ ಎಂದು ಬದಿಗೆ ಬರೆದೆ. ಅದರ ಕೆಳಗೆ ನನ್ನದೊಂದು ವಾಕ್ಯ ಕೊಟ್ಟೆ: “ನೀರಿನ ನಿಯಂತ್ರಣದ ಪರಿಣಾಮವಾಗಿ ಪುಷ್ಪೋತ್ಪತ್ತಿ ಉಂಟಾಗುತ್ತದೆ.” ಅಂಥ ಪದವನ್ನು ಲೋಕದಲ್ಲಿ ಯಾರಾದರೂ ಬಳಸುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನೋಡಲು ಗಟ್ಟಿಯಾಗಿತ್ತು.

ಶಿವಾನಂದ ಕಾಗದ ಹಿಡಿದುಕೊಂಡು ಬಂದ. “ಮೇಡಂ, ಪುಷ್ಪೋತ್ಪತ್ತಿ ಅಂದ್ರ ಹೂವ ಹಿಡಿಯೂದೇನ್ರಿ?”

“ಹೌದು.”

“ಮತ್ತ ಜೀವಾ ತಡಿಯೂದಿಲ್ಲ ಅನ್ನೂದಕ್ಕ ಏನ ಬರೀಬೇಕ್ರಿ?”

“ಅದು ಪ್ರಬಂಧಕ್ಕೆ ಬೇಡ,” ಎಂದೆ.

ಅವನು ತಲೆಯಾಡಿಸಿ ಹೋದ. ಮುಂದಿನ ಸಲ ಬರೆದ: “ಲಿಂಬೆಯು ಮಾನವನ ಬದುಕಿನ ಅವಿಭಾಜ್ಯ ಅಂಗವಾಗಿದೆ. ಅದರ ಬಹುಮುಖಿ ಆಯಾಮಗಳನ್ನು ಅರಿಯುವುದು ಪ್ರಸ್ತುತ ಕಾಲಘಟ್ಟದ ಅನಿವಾರ್ಯತೆ.” ಇಪ್ಪತ್ತಕ್ಕೆ ಒಂಬತ್ತು ಪಡೆದಿದ್ದವನಿಗೆ ಹದಿನಾಲ್ಕು ಕೊಟ್ಟೆ. ಅವನಿಗೂ ಖುಷಿಯಾಯಿತು, ನನಗೂ. ಗಿಡಕ್ಕೆ ನೀರು ಯಾವಾಗ ನಿಲ್ಲಿಸಬೇಕು ಎಂಬ ಮಾತು ಆ ಪ್ರಬಂಧದಲ್ಲಿ ಎಲ್ಲೂ ಇರಲಿಲ್ಲ. ಅದು ಇಲ್ಲವೆಂಬುದು ನನ್ನ ಗಮನಕ್ಕೂ ಬರಲಿಲ್ಲ.

ನೂರು ಪದಗಳ ಪಟ್ಟಿ ತಯಾರಾದದ್ದು ಆ ವರ್ಷವೇ. ನನ್ನ ನೋಟ್‌ಬುಕ್ಕಿನಿಂದ ಆರಿಸಿ, ಕ್ರಮಸಂಖ್ಯೆ ಹಾಕಿ, ಎರಡು ಹಾಳೆಯಲ್ಲಿ ಬರೆದು ಹಂಚಿದೆ. ವಾರಕ್ಕೆ ಹತ್ತು ಪದ, ಶನಿವಾರ ಪರೀಕ್ಷೆ.

ಸಿಂದಗಿಗೆ ವರ್ಗವಾದಾಗ ಪಟ್ಟಿಯೂ ನನ್ನ ಜೊತೆ ಬಂತು. ಅಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಕೊಣ್ಣೂರ ಸರ್. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ. ಆದರೆ ಫಲಿತಾಂಶದ ಹೊರತು ಬೇರೆ ಚಿಂತೆ ಅವರಿಗಿರಲಿಲ್ಲ. ನನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ ಅವರಿಗೆ ಬಲು ಸಂತೋಷವಾಯಿತು.

“ನೋಡ್ರಿ ಮೇಡಂ, ಪೇಪರ್ ತಿದ್ದಾಂವಗ ಒಂದು ಪ್ರಬಂಧಕ್ಕ ಎರಡು ನಿಮಿಷ ಸಿಗತೈತಿ. ಅಷ್ಟರಾಗ ಅವನೇನು ವಿಚಾರ ಹುಡುಕ್ತಾನ? ಐದಾರು ದೊಡ್ಡ ಶಬ್ದ ಕಂಡ್ರ ಮಾರ್ಕ್ಸ್ ಹಾಕಿ ಮುಂದ ಹೋಗ್ತಾನ. ನೀವು ಛಲೋ ಕೆಲಸ ಮಾಡೀರಿ.”

ಅವರೇ ಅದನ್ನು ಟೈಪ್ ಮಾಡಿಸಿದರು. ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪಟ್ಟಿ ಯಾರಿಗೆ ಬೇಕಾದರೂ ಸಿಗತೊಡಗಿತು. ದೇವರ ಹಿಪ್ಪರಗಿಯಿಂದ ಬರುವ ಹುಡುಗರು ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓದುತ್ತಿದ್ದರು. ನನಗೆ ನೂರು ಪದದ ಮೇಡಂ ಎಂಬ ಹೆಸರು ಬಿತ್ತು. ಫಲಿತಾಂಶ ನಿಜವಾಗಿ ಏರಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಒಮ್ಮೆ ಒಬ್ಬ ವಿದ್ಯಾರ್ಥಿ ರಜಾ ಅರ್ಜಿ ಕೊಟ್ಟ: “ಜ್ವರದ ವ್ಯಾಪಕ ಪ್ರಭಾವದ ಹಿನ್ನೆಲೆಯಲ್ಲಿ ನನ್ನ ಉಪಸ್ಥಿತಿಯು ಅಪ್ರಸ್ತುತವಾಗಿದೆ.” ಸಿಬ್ಬಂದಿ ಕೋಣೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ನಾನೂ ನಕ್ಕೆ. ಧಾರವಾಡದಲ್ಲಿ ನನ್ನನ್ನು ಕಂಡು ನಕ್ಕವರ ಸಾಲಿನಲ್ಲಿ ಈಗ ನಾನೇ ನಿಂತಿದ್ದೇನೆ ಎಂಬುದು ಅಂದು ಹೊಳೆಯಲಿಲ್ಲ.

ಆ ವರ್ಷ ಮೌಲ್ಯಮಾಪನಕ್ಕೆ ಹೋದಾಗ ಬೇರೆ ಬೇರೆ ಊರಿನ ಉತ್ತರ ಪತ್ರಿಕೆಗಳು ನನ್ನ ಮುಂದೆ ಬಂದವು. ಒಂದರಲ್ಲಿ ‘ಪರಿಪ್ರೇಕ್ಷಕ’ ಎಂಬ ಪದ ಕಂಡಿತು. ಅಂಥ ಪದ ಇಲ್ಲ, ಇರುವುದು ಪರಿಪ್ರೇಕ್ಷ್ಯ. ಗೆರೆ ಎಳೆದೆ. ಮುಂದಿನದರಲ್ಲಿಯೂ ಅದೇ. ಅದರ ಮುಂದಿನದರಲ್ಲಿಯೂ ಅದೇ. ಏಳನೆಯ ಪತ್ರಿಕೆಗೆ ನನ್ನ ಕೈ ನಿಂತಿತು. ಟೈಪ್ ಮಾಡಿಸಿದ ಪಟ್ಟಿಯನ್ನು ಒಮ್ಮೆ ನೋಡಿ ಕೊಡುವ ಕೆಲಸ ನನ್ನದಾಗಿತ್ತು, ನೋಡಿರಲಿಲ್ಲ. ನನ್ನ ಒಂದು ತಪ್ಪು ಬಸ್ಸು ಹತ್ತಿ ಎಷ್ಟೋ ಊರಿಗೆ ಹೋಗಿ ಈಗ ನನ್ನ ಮುಂದೆಯೇ ಬಂದು ಕೂತಿತ್ತು. ಒಬ್ಬರಿಗೂ ಆ ಪದದ ಅರ್ಥ ಬೇಕಾಗಿರಲಿಲ್ಲ. ಅರ್ಥ ಬೇಕಾಗಿದ್ದರೆ ಒಬ್ಬರಾದರೂ ನಿಘಂಟು ತೆಗೆದು ನೋಡುತ್ತಿದ್ದರು, ತಪ್ಪು ಸಿಗುತ್ತಿತ್ತು. ಇಷ್ಟು ತಿಳಿದ ಮೇಲೆ ನಾನೇನು ಮಾಡಿದೆ? ಎಳೆದ ಗೆರೆಗಳನ್ನು ಲೆಕ್ಕಿಸದೆ ಎಲ್ಲರಿಗೂ ಅಂಕ ಹಾಕಿದೆ. ಊರಿಗೆ ಬಂದು ಪಟ್ಟಿಯಲ್ಲಿ ಆ ಒಂದು ಪದ ತಿದ್ದಿಸಿದೆ. ಪಟ್ಟಿಯನ್ನು ಮಾತ್ರ ಬಿಡಲಿಲ್ಲ.

ಬಿಡಿಸಿದ್ದು ಮುದ್ದೇಬಿಹಾಳ.

ಅಲ್ಲಿ ಬಿ.ಎ. ಕೊನೆಯ ಸೆಮಿಸ್ಟರಿನಲ್ಲಿ ರುಕ್ಸಾನಾ ನದಾಫ ಎಂಬ ಹುಡುಗಿ ಇದ್ದಳು. ಅವಳ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿತ್ತು. ಊರವರಿಗೆಲ್ಲ ಎತ್ತರದ ಜಾಗದಲ್ಲಿ ಸಾಲು ಸಾಲಾಗಿ ಮನೆ ಕೊಟ್ಟಿದ್ದರು. ಅಲ್ಲಿಂದ ಬಸ್ಸಿಗೆ ಬರುತ್ತಿದ್ದಳು. ಮೂರನೆಯ ಬೆಂಚಿನ ತುದಿಯಲ್ಲಿ ಕೂಡುತ್ತಿದ್ದಳು. ಏನು ಕೇಳಿದರೂ “ಹ್ಞೂನ್ರಿ”, “ಇಲ್ರಿ”, ಅಷ್ಟೇ.

ಇಂಟರ್ನಲ್ ಅಂಕಕ್ಕಾಗಿ ‘ನಮ್ಮ ಊರಿನ ಬದಲಾವಣೆ’ ಎಂದು ಪ್ರಬಂಧ ಬರೆಯಲು ಹೇಳಿದ್ದೆ. ರುಕ್ಸಾನಾ ಎಂಟು ಪುಟ ಬರೆದು ಕೊಟ್ಟಳು. ಮೂರನೆಯ ಪುಟದಲ್ಲಿ ಈ ವಾಕ್ಯವಿತ್ತು: “ಸಂತ್ರಸ್ತ ಗ್ರಾಮಗಳಲ್ಲಿ ಭೌತಿಕ ಸ್ಥಳಾಂತರ ಪೂರ್ಣಗೊಂಡಿದ್ದರೂ ಸಾಮಾಜಿಕ ಸ್ಥಳಾಂತರ ಇನ್ನೂ ಪ್ರಗತಿಯಲ್ಲಿದೆ.”

ನಾನು ಎರಡು ಸಲ ಓದಿದೆ. ಹ್ಞೂನ್ರಿ, ಇಲ್ರಿ ಎನ್ನುವ ಹುಡುಗಿ ಇದನ್ನು ಬರೆಯುವುದು ಸಾಧ್ಯವೇ ಇಲ್ಲ ಎನಿಸಿತು. ಯಾವುದೋ ಸಂಶೋಧನ ಗ್ರಂಥದಿಂದ ಎತ್ತಿದ್ದಾಳೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ, ಸಿಗಲಿಲ್ಲ. ಸಿಗದೆ ಇದ್ದದ್ದು ನನ್ನ ಅನುಮಾನವನ್ನು ಕಡಿಮೆ ಮಾಡಲಿಲ್ಲ, ಅಚ್ಚಾಗದ ಗ್ರಂಥವಿರಬೇಕು ಎಂದುಕೊಂಡೆ. ಮೊದಲ ಪುಟದ ಮೇಲೆ ಕೆಂಪಿನಲ್ಲಿ ‘ನಕಲು’ ಎಂದು ಬರೆದು, ತರಗತಿಯಲ್ಲಿ ಎಲ್ಲರ ಪ್ರಬಂಧ ಹಂಚುವಾಗ ಅವಳದನ್ನು ಎತ್ತಿ ತೋರಿಸಿ, “ಇಂಥದ್ದನ್ನು ನಾನು ಸಹಿಸುವುದಿಲ್ಲ” ಎಂದೆ. ಅವಳು ಬಂದು ಕಾಗದ ಇಸಿದುಕೊಂಡು ಹೋಗಿ ಕೂತಳು. ಏನೂ ಅನ್ನಲಿಲ್ಲ. ಅದನ್ನೂ ನಾನು ತಪ್ಪೊಪ್ಪಿಗೆ ಎಂದೇ ತಿಳಿದೆ.

ಪ್ರಾಚಾರ್ಯರಿಗೆ ಲಿಖಿತ ದೂರು ಕೊಟ್ಟೆ. ಬಿರಾದಾರ ಸರ್ ರಸಾಯನಶಾಸ್ತ್ರದವರು. ಕಾಗದ ಓದಿ, ಕನ್ನಡಕ ತೆಗೆದು ಕೇಳಿದರು: “ಆಕಿಗೆ ಕೇಳೀರೇನ್ರಿ ಮೇಡಂ?”

“ಏನು ಕೇಳುವುದು ಸರ್? ನೋಡಿದರೆ ಗೊತ್ತಾಗುತ್ತದೆ.”

“ನಮ್ಮ ಲ್ಯಾಬಿನ್ಯಾಗ ಬಣ್ಣಾ ನೋಡಿ ಇದು ಇಂಥಾದ್ದ ಅಂತ ಬರದ್ರ ನಾವ ಹುಡುಗರಿಗೆ ಬೈತೇವಿ. ಪರೀಕ್ಷಾ ಮಾಡಿ ಬರೀಬೇಕು,” ಎಂದರು. ದೂರನ್ನು ಮೇಜಿನ ಖಾನೆಯಲ್ಲಿಟ್ಟರು. “ಇವತ್ತ ಇದು ಇಲ್ಲೇ ಇರಲಿ. ನಾಳೆ ಆಕಿನ್ನ ಕರಸೋಣು.”

ಆ ದೂರು ಮುಂದೆ ಹೋಗಿದ್ದರೆ ಅವಳಿಗೆ ಇಂಟರ್ನಲ್ ಅಂಕ ಇರುತ್ತಿರಲಿಲ್ಲ, ಪರೀಕ್ಷೆಗೆ ಕೂಡಲು ಆಗುತ್ತಿರಲಿಲ್ಲ. ಬಿ.ಎಡ್. ಸೇರುವುದು ಒಂದು ವರ್ಷ ಮುಂದೆ ಹೋಗುತ್ತಿತ್ತು. ಆಮೇಲೆ ಸೇರುತ್ತಿದ್ದಳೋ ಇಲ್ಲವೋ ಯಾರು ಹೇಳಬೇಕು?

ಮರುದಿನ ರುಕ್ಸಾನಾ ತಂದೆಯನ್ನು ಕರೆದುಕೊಂಡು ಪ್ರಾಚಾರ್ಯರ ಕೋಣೆಗೆ ಬಂದಳು. ಹುಸೇನಸಾಬ ಎಂದು ಹೆಸರು. ಕೈಯಲ್ಲಿ ದೊಡ್ಡ ಕೈಚೀಲ. ಕೂಡ್ರಿ ಎಂದರೂ ಕೂಡಲಿಲ್ಲ. ಚೀಲದೊಳಗಿನಿಂದ ಕಾಗದದ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಮಡಿಕೆ ಬಿದ್ದು ಹಳದಿಯಾದ ನೋಟಿಸುಗಳು, ಆದೇಶದ ನಕಲುಗಳು, ಹಕ್ಕುಪತ್ರದ ಪ್ರತಿಗಳು.

“ಸರ್ರ, ನನಗ ಓದಾಕ ಬರೂದಿಲ್ರಿ. ಈಕಿ ಏಳನೇತ್ತೆ ಇದ್ದಾಗಿಂದ ಊರಿಗೆ ಬಂದ ಕಾಗದಾ ಎಲ್ಲಾ ಈಕಿನ ಓದಿ ಹೇಳ್ತಾಳ್ರಿ. ಕಟ್ಟಿ ಮ್ಯಾಲ ಕುಂಡ್ರಿಸಿ ಸುತ್ತ ಮಂದಿ ನಿಲ್ಲತಾರ. ಈಕಿ ಓದಬೇಕು, ಆಮ್ಯಾಲ ನಮ್ಮ ಮಾತಿನ್ಯಾಗ ಹೇಳಬೇಕು,” ಎಂದರು.

ಬಿರಾದಾರ ಸರ್ ಪ್ರಬಂಧದ ಮೂರನೆಯ ಪುಟ ತೆಗೆದು ರುಕ್ಸಾನಾಳನ್ನು ಕೇಳಿದರು: “ಪ್ರಗತಿಯಲ್ಲಿದೆ ಅಂದ್ರೇನವಾ?”

“ನೋಟಿಸಿನ್ಯಾಗ ಇದ್ರ ಇನ್ನಾ ಚಾಲೂ ಆಗಿಲ್ಲ ಅಂತ್ರಿ ಸರ್.” ಸರ್ ನಕ್ಕರು. ಅವಳು ನಗಲಿಲ್ಲ. “ನಾ ಬರದದ್ರಾಗ ಖರೇನ ನಡದೈತಿ ಅಂತ್ರಿ.”

“ಸಾಮಾಜಿಕ ಸ್ಥಳಾಂತರ ಅಂದಿಯಲ್ಲ, ಅದೇನು?”

ರುಕ್ಸಾನಾ ತಂದೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಹೇಳಿದಳು: “ಹಳೇ ಊರಾಗ ನಮ್ಮ ಬಾಜೂ ಮನಿ ನಾಗವ್ವಂದು ಇತ್ತ್ರಿ. ಹೊಸಾ ಊರಾಗ ನಂಬರ ಪ್ರಕಾರ ಮನಿ ಕೊಟ್ರು. ನಾಗವ್ವ ಕಡೀ ಸಾಲಿಗೆ ಹೋದ್ಲು. ಎಷ್ಟೋ ವರ್ಷಾತು. ಈಗೂ ಒಮ್ಮೊಮ್ಮೆ ನಮ್ಮ ಅಮ್ಮಾ ಒಲಿ ಮುಂದಿಂದ ಎದ್ದು ಬಾಗಲದಾಗ ನಿಂತು, ‘ನಾಗವ್ವಾ, ಒಂದೀಟ ಉಪ್ಪ ಕೊಡ’ ಅಂತ ಒದರತಾಳ್ರಿ. ಬಾಜೂ ಮನಿಯವ್ರು ಹೊರಗ ಬಂದು ನೋಡತಾರ. ಅವ್ರು ಯಾರಂತನ ನಮಗಿನ್ನಾ ಪೂರಾ ಗೊತ್ತಿಲ್ರಿ. ಅಮ್ಮಾ ನಾಚಿಕೊಂಡು ಒಳಗ ಹೋಗತಾಳ. ಮನಿ ಬಂದೈತ್ರಿ ಸರ್, ಅಮ್ಮಾ ಇನ್ನಾ ಪೂರಾ ಬಂದಿಲ್ಲ. ಅದಕ್ಕ ಹಂಗ ಬರದೆ.”

ಹುಸೇನಸಾಬರು ನೆಲ ನೋಡುತ್ತ ನಿಂತಿದ್ದರು. ಮಗಳು ಇದನ್ನು ಬರೆದದ್ದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಕೇಳಲೇಬೇಕೆನಿಸಿ ಕೇಳಿದೆ: “ಸ್ಥಳಾಂತರ, ಸಂತ್ರಸ್ತ ನೋಟಿಸಿನಾಗ ಅದಾವು. ಭೌತಿಕ, ಸಾಮಾಜಿಕ ಎಲ್ಲಿಂದ ಬಂದ್ವು?” ಆ ಕಾಲೇಜಿನಲ್ಲಿ ನನ್ನ ಬಾಯಿಂದ ಮನೆಯ ಮಾತು ಬಂದದ್ದು ಅದೇ ಮೊದಲು.

ಅವಳು ನನ್ನನ್ನು ನೇರವಾಗಿ ನೋಡಿದಳು. “ನೀವ ಕೊಟ್ಟ ಪಟ್ಟಿಯಾಗ ಅದಾವಲ್ರಿ ಮೇಡಂ. ಅರವತ್ತು, ಅರವತ್ತೊಂದು. ಬಾಯಿಪಾಠ ಮಾಡೂವಾಗ ಯಾತಕ್ಕ ಬೇಕು ಅಂತ ಗೊತ್ತಾಗಿರಲಿಲ್ಲ. ಬರಿಯೂವಾಗ ಬೇಕಾದ್ವು.”

ಹಂಚಿದವಳು ನಾನು. ಒಬ್ಬಳು ಅವನ್ನು ನಿಜವಾಗಿ ಬಳಸಿದಾಗ ನಂಬದೆ ಹೋದವಳೂ ನಾನು. ನನ್ನ ಪಟ್ಟಿಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ಅಥವಾ ಅಂಥ ಊರಿನ, ಅಂಥ ಬೆಂಚಿನ ಹುಡುಗಿಯ ಮೇಲೆ ಇರಲಿಲ್ಲ. ಎರಡನೆಯದೇ ನಿಜ. ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

“ತಪ್ಪಾತು,” ಎಂದೆ.

ರುಕ್ಸಾನಾ ಆ ಮಾತನ್ನು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ. “ಮೇಡಂ, ನಾ ಕಾಗದ ಓದಿ ಹೇಳಿದ್ರ ನಮ್ಮೂರ ಮಂದಿ ಖರೇ ಅಂತಾರ್ರಿ. ನಮ್ಮೂರ ಇಬ್ಬರು ಹುಡುಗಿಯರು ಇದ ಕಾಲೇಜಿನ್ಯಾಗ ಅದಾರ. ನೀವು ಕ್ಲಾಸಿನ್ಯಾಗ ಅಂದದ್ದು ನಿನ್ನೆ ಸಂಜೀಕ ಊರು ಮುಟ್ಟೈತಿ. ಇನ್ನ ಮ್ಯಾಲ ನಾ ಓದಿದ್ದನ್ನ ಯಾರು ನಂಬತಾರ್ರಿ?”

ಅದಕ್ಕೆ ಉತ್ತರ ಕೊಟ್ಟವರು ಬಿರಾದಾರ ಸರ್. ದೂರಿನ ಕಾಗದವನ್ನು ನನ್ನ ಕೈಗೆ ವಾಪಸು ಕೊಡುತ್ತ ಮೆಲ್ಲಗೆ ಅಂದರು: “ಅಂದದ್ದು ಕ್ಲಾಸಿನ್ಯಾಗ ಅಂದೀರಿ ಮೇಡಂ. ಇದನ್ನೂ ಅಲ್ಲೇ ಅನ್ರಿ.”

ಅದೇ ದಿನ ಮೂರನೆಯ ಅವಧಿಗೆ ಹೋದೆ. ಅರವತ್ತು ಮಕ್ಕಳು. ಹಾಜರಿ ಪುಸ್ತಕ ತೆರೆದೆ, ಮತ್ತೆ ಮುಚ್ಚಿದೆ. ಕೊನೆಗೆ ಹೇಳಿದೆ: “ರುಕ್ಸಾನಾ ನಕಲು ಮಾಡಿಲ್ಲ. ಆಕೀನ ಬರದಾಳ. ನಾ ಆಕಿಗೆ ಕೇಳದನ ನಕಲು ಅಂತ ಬರದೆ, ಅದು ನನ್ನ ತಪ್ಪು. ಆಕಿಗೂ ನಿಮಗೂ ಕ್ಷಮಾ ಕೇಳತೇನಿ.” ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಅವಳ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ.

ಓದಿ ಮುಗಿಸಿದಾಗ ರುಕ್ಸಾನಾ ಎದ್ದು ನಿಂತಳು. “ಮಾರ್ಕ್ಸ್ ಎಷ್ಟ ಕೊಟ್ರಿ ಮೇಡಂ?”

“ಇಪ್ಪತ್ತಕ್ಕ ಹದಿನೇಳು.”

“ಮೂರು ಯಾಕ ಹೋದ್ವು?”

“ಎರಡು ಕಾಗುಣಿತಕ್ಕ. ಒಂದು ಐದನೇ ಪುಟಕ್ಕ, ಅಲ್ಲಿ ಹೇಳಿದ್ದನ್ನ ಮತ್ತ ಹೇಳೀದಿ.”

“ಆತ್ರಿ,” ಎಂದು ಕೂತಳು. ನನ್ನ ಅಪರಾಧಿ ಭಾವಕ್ಕೆ ಇಪ್ಪತ್ತಕ್ಕೆ ಇಪ್ಪತ್ತು ಕೊಡಬೇಕೆಂದು ನನಗೆ ಬಹಳ ಅನಿಸಿತ್ತು. ಕೊಡದೆ ಇದ್ದದ್ದು ಒಳ್ಳೆಯದಾಯಿತು. ಕೊಟ್ಟಿದ್ದರೆ ಅದೂ ಒಂದು ಅವಮಾನವೇ ಆಗುತ್ತಿತ್ತು.

ಅವಳು ಪಾಸಾದಳು, ಬಿ.ಎಡ್. ಮಾಡಿದಳು, ಈಗ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ ಎಂದು ಕೇಳಿದ್ದೇನೆ. ನನ್ನನ್ನು ಕಾಣಲು ಎಂದೂ ಬರಲಿಲ್ಲ. ಕ್ಷಮಿಸಿದಳೋ ಇಲ್ಲವೋ ತಿಳಿಯದು. ಹಳೆಯ ವಿದ್ಯಾರ್ಥಿಗಳೆಲ್ಲ ಬಂದು ಕಾಲಿಗೆ ನಮಸ್ಕಾರ ಮಾಡುತ್ತಾರೆ ಎಂದುಕೊಂಡು ಈ ಕೆಲಸಕ್ಕೆ ಬರಬೇಡಿ. ಯಾರಿಂದ ನಾವು ಹೆಚ್ಚು ಕಲಿತಿರುತ್ತೇವೋ ಅವರು ಬಾರದೆಯೂ ಇರಬಹುದು.

ಪಟ್ಟಿ ಹಂಚುವುದನ್ನು ಆ ವರ್ಷ ನಿಲ್ಲಿಸಿದೆ. ಅದರ ಬದಲು ಮಕ್ಕಳಿಗೆ ಮನೆಯಲ್ಲಿರುವ ಯಾವುದಾದರೂ ಒಂದು ಅಚ್ಚಾದ ಕಾಗದ ತರಲು ಹೇಳಿದೆ. ಗೊಬ್ಬರದ ಚೀಲದ ಮೇಲಿನ ಸೂಚನೆ, ಆಸ್ಪತ್ರೆಯ ಚೀಟಿ, ಪಂಚಾಯತಿಯ ಪ್ರಕಟಣೆ, ಬಸ್ ಪಾಸಿನ ಫಾರ್ಮು. ಒಬ್ಬ ಕೋರ್ಟಿನ ಸಮನ್ಸ್ ತಂದ. ಮನೆಯಲ್ಲಿ ಯಾರಿಗೂ ಅದರ ಅರ್ಥ ಆಗದೆ ಎರಡು ತಾರೀಖು ತಪ್ಪಿಹೋಗಿದ್ದವು. ಒಂದು ಕಠಿಣ ಪದ ಹಿಡಿದು ಅದನ್ನು ನಿಮ್ಮ ಅವ್ವನಿಗೆ ತಿಳಿಯುವ ಹಾಗೆ ಹೇಳಿ ಎನ್ನುತ್ತಿದ್ದೆ. ಹೇಳಿದ ಮೇಲೆ, ಅದೇ ಮಾತನ್ನು ಈಗ ಅಧಿಕಾರಿಗೆ ಬರೆಯುವ ಹಾಗೆ ಬರೆಯಿರಿ. ಹೋಗುವ ದಾರಿಯೂ ಗೊತ್ತಾಗಬೇಕು, ತಿರುಗಿ ಬರುವ ದಾರಿಯೂ ಗೊತ್ತಾಗಬೇಕು. ವರ್ಷಕ್ಕೆ ನೂರು ಪದ ಆಗುತ್ತಿರಲಿಲ್ಲ. ಮೂವತ್ತು ನಲವತ್ತು ಆದರೆ ಹೆಚ್ಚು. ಫಲಿತಾಂಶ ಮೊದಲಿಗೆ ತುಸು ಇಳಿಯಿತು, ಮೇಲಿನವರ ಮಾತು ಕೇಳಬೇಕಾಯಿತು. ಕೇಳಿದೆ.

ನೌಕರಿಯ ಕೊನೆಯ ವರ್ಷ ಬಸವನ ಬಾಗೇವಾಡಿಯಲ್ಲಿ. ಅಷ್ಟರಲ್ಲಿ ಕಾಲ ಇನ್ನೊಂದು ಮಗ್ಗುಲಿಗೆ ಹೊರಳಿತ್ತು. ನಮ್ಮ ಕಾಲದಲ್ಲಿ ಗೈಡ್ ಇತ್ತು, ಆಮೇಲೆ ಜೆರಾಕ್ಸ್ ಬಂತು, ಆಮೇಲೆ ಇಂಟರ್‌ನೆಟ್. ಈಗ ವಿಷಯ ಹೇಳಿದರೆ ಫೋನೇ ಪ್ರಬಂಧ ಬರೆದು ಕೊಡುತ್ತದೆ. ನನ್ನ ನೂರು ಪದಗಳೆಲ್ಲ ಅದಕ್ಕೆ ನೀರು ಕುಡಿದಷ್ಟು ಸಲೀಸು. ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಸಂಗಮೇಶ ಎಂಬ ಅಧ್ಯಾಪಕ ಒಂದು ದಿನ ಪ್ರಬಂಧಗಳ ಕಟ್ಟನ್ನು ಮೇಜಿನ ಮೇಲೆ ಎಸೆದ.

“ನೋಡ್ರಿ ಮೇಡಂ, ಇಪ್ಪತ್ತೆರಡು ಅದಾವ. ಎಲ್ಲಾ ಒಂದ ಮುಖಾ. ಎಲ್ಲಾಕ್ಕೂ ಸೊನ್ನಿ ಹಾಕತೇನಿ.”

“ಹಾಕೋವಂತಿ. ಮೊದಲ ಒಬ್ಬೊಬ್ಬರನ್ನ ಕರದು ಕೇಳೋಣ,” ಎಂದೆ.

ಇಬ್ಬರೂ ಕೂತು ಕರೆದೆವು. ಕೆಲವರು ವಾದ ಮಾಡಿದರು, ಕೆಲವರು ತಲೆ ತಗ್ಗಿಸಿದರು. ಇಂಗಳೇಶ್ವರದಿಂದ ಬರುವ ಭಾರತಿ ಎಂಬ ಹುಡುಗಿ ಮಾತ್ರ ಕೇಳುವ ಮೊದಲೇ ಒಪ್ಪಿಕೊಂಡಳು.

“ಹೌದ್ರಿ ಮೇಡಂ, ಫೋನ್ ಬರದದ್ದ. ನಾ ಬರದ್ರ ಸಣ್ಣದಾಗತೈತಿ.”

ವಿಷಯ ‘ಮಹಿಳೆ ಮತ್ತು ದುಡಿಮೆ’ ಎಂದಿತ್ತು. “ಸಣ್ಣದ ಬರಿಯವಾ. ಅರ್ಧ ಪುಟ ಸಾಕು,” ಎಂದೆ. ಸಂಗಮೇಶನಿಗೆ ಅದು ಅಷ್ಟು ಸರಿಬೀಳಲಿಲ್ಲ.

ಒಂದು ವಾರದ ಮೇಲೆ ಭಾರತಿ ಅರ್ಧ ಪುಟ ತಂದಳು. ಮನೆಮನೆ ಸಮೀಕ್ಷೆಗೆ ಬಂದ ಹೆಣ್ಣುಮಗಳು ಅವರ ಮನೆಯಲ್ಲಿ ಫಾರ್ಮು ತುಂಬಿದ್ದನ್ನು ಬರೆದಿದ್ದಳು. ಅವ್ವನ ಹೆಸರಿನ ಮುಂದೆ ಉದ್ಯೋಗ ಏನು ಬರೆಯಲಿ ಎಂದು ಆಕೆ ಕೇಳಿದಾಗ ಅಪ್ಪ, “ಏನೂ ಮಾಡಂಗಿಲ್ರಿ, ಮನ್ಯಾಗ ಇರತಾಳ” ಎಂದರಂತೆ. ಅವ್ವ ಆಗ ಎಮ್ಮೆ ಹಿಂಡಿ ಬಂದು, ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಒಗೆದು, ಹೊಲಕ್ಕೆ ಬುತ್ತಿ ಕಟ್ಟಲು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುತ್ತಲೇ ಹೌದೆಂದು ತಲೆಯಾಡಿಸಿದಳು. ಫಾರ್ಮಿನಲ್ಲಿ ‘ಇಲ್ಲ’ ಎಂದು ಬಿತ್ತು.

ಕೊನೆಯ ಸಾಲು ಹೀಗಿತ್ತು: “ನಮ್ಮ ಅವ್ವನದು ______ ದುಡಿಮೆ.” ನಡುವೆ ಜಾಗ ಬಿಟ್ಟು ಗೆರೆ ಎಳೆದಿದ್ದಳು.

“ಇಲ್ಲಿ ಒಂದು ಶಬ್ದ ಬೇಕ್ರಿ ಮೇಡಂ. ಫೋನಿನ್ಯಾಗ ನೋಡಿದೆ. ಬಾಳ ಅದಾವ. ಯಾವುದೂ ಅವ್ವಗ ಹೊಂದವಲ್ದು.”

ನನ್ನ ಸೇವೆಯಲ್ಲಿ ಸಾವಿರಾರು ಮಕ್ಕಳಿಗೆ ಅವರಾಗಿ ಕೇಳದಿದ್ದ ಪದಗಳನ್ನು ಕೊಟ್ಟಿದ್ದೆ. ಜಾಗ ಬಿಟ್ಟುಕೊಂಡು ಪದ ಕೇಳಲು ಬಂದವಳು ಇವಳೊಬ್ಬಳೇ. ಸಂತೋಷದಿಂದ, “ಅಗೋಚರ ದುಡಿಮೆ ಅಂತ ಬರಿ” ಎಂದೆ.

“ಅಗೋಚರ ಅಂದ್ರ ಕಣ್ಣಿಗೆ ಕಾಣದ್ದಲ್ರಿ? ಕಾಣತೈತಲ್ರಿ ಮೇಡಂ. ದಿನಾ ಕಾಣತೈತಿ.”

ಸಂಗಮೇಶ ತಿದ್ದುತ್ತಿದ್ದ ಪೇಪರಿನಿಂದ ತಲೆಯೆತ್ತಿದ. ನಾನು ಮತ್ತೆ ಯೋಚಿಸಿದೆ. “ಹಂಗಾರ ಗಣನೆಗೆ ಬಾರದ ದುಡಿಮೆ.”

ಭಾರತಿ ಅದನ್ನು ತುಟಿಯಲ್ಲೇ ಎರಡು ಸಲ ಹೇಳಿ ನೋಡಿದಳು. “ಬಾರದ ಅಂದ್ರ ಅದ ಬರಲಿಲ್ಲ ಅಂದಂಗಾತ್ರಿ. ಅದರದ ತಪ್ಪು ಅಂದಂಗ.” ಆಮೇಲೆ ತಾನೇ ಕೇಳಿದಳು: “ಗಣನೆಗೆ ತೆಗೆದುಕೊಳ್ಳದ ಅಂದ್ರ ಹೆಂಗ್ರಿ? ಅಂದ್ರ ಯಾರೋ ತಗೊಳ್ಳಲಿಲ್ಲ ಅಂತ ಆಗತೈತಿ.”

“ಹಂಗ ಬರಿ,” ಎಂದೆ. ವಾಕ್ಯದಲ್ಲಿ ಕರ್ತೃವನ್ನು ಹೇಗೆ ಅಡಗಿಸುತ್ತಾರೆ, ಹೇಗೆ ಹೊರಗೆಳೆಯಬೇಕು ಎಂಬುದನ್ನು ನಾನು ವ್ಯಾಕರಣದ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆ. ಇಷ್ಟು ಸ್ಪಷ್ಟವಾಗಿ ಎಂದೂ ಹೇಳಿರಲಿಲ್ಲ. ಅವಳು ಅಲ್ಲೇ ನಿಂತು ಗೆರೆಯ ಮೇಲೆ ಬರೆದಳು. ಜಾಗ ಸಾಲದೆ ಕೊನೆಯ ಎರಡಕ್ಷರ ಮೇಲಕ್ಕೆ ಏರಿದವು.

“ಇದನ್ನ ಅಪ್ಪಗ ಓದಿ ಹೇಳಲೇನ್ರಿ?” ಎಂದು ಕೇಳಿದಳು.

“ಅದು ನಿನಗ ಬಿಟ್ಟದ್ದು.”

ಸೋಮವಾರ ಅವಧಿ ಮುಗಿದ ಮೇಲೆ ನನ್ನ ಹಿಂದೆಯೇ ಸಿಬ್ಬಂದಿ ಕೋಣೆಗೆ ಬಂದಳು. ಓದಿ ಹೇಳಿದ್ದಳಂತೆ. ಅಪ್ಪ ಪೂರ್ತಿ ಕೇಳಿ ಏನೂ ಅನ್ನದೆ ಎದ್ದು ಹೊಲಕ್ಕೆ ಹೋದರಂತೆ. ಸಿಟ್ಟಿಗೆದ್ದರು ಎಂದು ಅವ್ವ ಹೆದರಿದಳು, ಯಾಕೆ ಬೇಕಿತ್ತು ನಿನಗೆ ಎಂದು ಮಗಳನ್ನೇ ಬೈದಳು. ಸಂಜೆ ಅಪ್ಪ ತಿರುಗಿ ಬಂದು ಕೈಕಾಲು ತೊಳೆದುಕೊಂಡು ಕೂತು ಒಂದೇ ಮಾತು ಕೇಳಿದರಂತೆ.

“ಆ ಫಾರ್ಮ್ ಮತ್ತ ತಿದ್ದಾಕ ಬರತೈತೇನು ಅಂತ ಕೇಳಿದ್ರು. ಬರತೈತೇನ್ರಿ ಮೇಡಂ?”

ನನಗೆ ಗೊತ್ತಿರಲಿಲ್ಲ. ಸಂಗಮೇಶನಿಗೂ ಗೊತ್ತಿರಲಿಲ್ಲ. ಅವನು ಎದ್ದು ತನ್ನ ಕುರ್ಚಿಯನ್ನು ಭಾರತಿಯ ಕಡೆ ಸರಿಸಿ, ಒಂದು ಬಿಳಿ ಹಾಳೆ ಕೊಟ್ಟ. ಆ ಫಾರ್ಮನ್ನು ತಿದ್ದಿಕೊಡಿ ಎಂಬ ಅರ್ಜಿಯನ್ನು ಅವಳೇ ಬರೆದಳು, ಹನ್ನೊಂದು ಸಾಲು. ಕಾಗುಣಿತ ನೋಡುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು. ಒಂದೂ ತಪ್ಪಿರಲಿಲ್ಲ. ಮರುದಿನ ತರುವಾಗ ಅದರ ಕೆಳಗೆ ಎರಡು ಗುರುತು ಇದ್ದವು: ಎಡಕ್ಕೆ ಅಪ್ಪನ ಸಹಿ, ಬಲಕ್ಕೆ ಅವ್ವನ ಹೆಬ್ಬೆಟ್ಟು.